ಎತ್ತಿಗೆ ಸೋಮವಾರ, ಮನೆಯೊಡತಿಗೆ ಯಾವ ವಾರ?

ತುಮಕೂರು ಸೀಮೆಯ ರೈತರು ಸೋಮವಾರ ನೇಗಿಲು ಹೂಡುವುದಿಲ್ಲ. ಅಂದು ಬಸವಣ್ಣನಿಗೆ ಬಿಡುವು. ಮಳೆ ಹದವಾಗಿ ಬಿದ್ದು ಬಿತ್ತನೆಗೆ ಅವಸರವಿದ್ದರೂ ಹಿಂದಿನವರು ಈ ಕಟ್ಟಳೆ ಮೀರಲು ಹಿಂಜರಿಯುತ್ತಿದ್ದರು. ದುಡಿಯುವ ಜೀವಕ್ಕೆ ವಿಶ್ರಾಂತಿ ಬೇಕೆಂಬುದನ್ನು ಅವರಿಗೆ ಯಾವ ಅರ್ಥಶಾಸ್ತ್ರವೂ ಕಲಿಸಬೇಕಾಗಿರಲಿಲ್ಲ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಸರ್ಕಾರಿ ಸೇವೆಯಿಂದ ನಿವೃತ್ತನಾದ ನನಗೆ ಇದು ಅರ್ಥವಾದದ್ದು ತಡವಾಗಿ. ಮಕ್ಕಳು ದೂರ ಸರಿದ ಮೇಲೆ ನಮ್ಮ ತುಮಕೂರಿನ ಮನೆಯ ಮಹಡಿಯ ಕೋಣೆಯನ್ನು ದಿನದ ಬಾಡಿಗೆಗೆ ಕೊಡತೊಡಗಿದೆವು. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಗೆ ಬರುವವರು, ವಾರಾಂತ್ಯದಲ್ಲಿ ದೇವರಾಯನದುರ್ಗ ನೋಡಲು ಬರುವ ಬೆಂಗಳೂರಿಗರು, ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಕೆಲಸದ ಮೇಲೆ ಬರುವ ಎಂಜಿನಿಯರುಗಳು ನಮ್ಮ ಅತಿಥಿಗಳು. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕುಣಿಗಲ್ ತಾಲ್ಲೂಕಿನ ಯಡಿಯೂರಿಗಂತೂ ವರ್ಷವಿಡೀ ಭಕ್ತರು. ಹೀಗಾಗಿ ಇಂಥ ಮನೆಗಳಿಗೆ ಈ ಭಾಗದಲ್ಲಿ ಅವಕಾಶವಿದೆ.

ಆದರೆ ಅತಿಥಿ ಎಂದು ಬಂದರೂ ಬಾಗಿಲು ತೆರೆದಿರಬೇಕೆಂಬ ಆಸೆ ನನ್ನದು. ಹಾಸಿಗೆ ಒಗೆದು ಹಾಸುವುದು, ಬೆಳಗಿನ ತಿಂಡಿ ನನ್ನ ಶ್ರೀಮತಿಯವರ ಪಾಲಿನದು. ಗುಬ್ಬಿಯಲ್ಲಿ ಅವರ ಅಕ್ಕನ ಮನೆಯ ಗೃಹಪ್ರವೇಶದ ದಿನವೇ ನಾನು ಅತಿಥಿಗಳನ್ನು ಒಪ್ಪಿಕೊಂಡುಬಿಟ್ಟಿದ್ದೆ. ಅವರು ಊಟಕ್ಕೂ ನಿಲ್ಲದೆ ಬಸ್ಸು ಹಿಡಿದು ಹಿಂದಿರುಗಿದರು. ರಾತ್ರಿ ಒಂದೇ ಮಾತು ಹೇಳಿದರು: 'ನಿಮ್ಮ ಆಫೀಸಿನಲ್ಲಿ ರಜಾ ಅರ್ಜಿ ಅಂತ ಇತ್ತಲ್ಲ, ನನಗೂ ಒಂದು ತಂದುಕೊಡಿ.'

ನನ್ನ ಬಳಿ ಉತ್ತರವಿರಲಿಲ್ಲ. ಸೇವೆಯಲ್ಲಿದ್ದಾಗ ನನಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆಯಿತ್ತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂಗಡಿಯ ನೌಕರನಿಗೂ ವಾರದ ರಜೆ ಕೊಟ್ಟಿದೆ. ತನ್ನ ಮನೆಯಲ್ಲೇ ದುಡಿಯುವ ಗೃಹಿಣಿಗೆ ರಜೆ ಕೊಡುವವರು ಯಾರು? ಮನೆಗೆಲಸದಲ್ಲಿ ತೊಡಗುವ ಮಹಿಳೆ ದಿನಕ್ಕೆ ಸರಾಸರಿ 289 ನಿಮಿಷ ವೇತನವಿಲ್ಲದೆ ದುಡಿದರೆ, ಪುರುಷ 88 ನಿಮಿಷ ದುಡಿಯುತ್ತಾನೆ ಎನ್ನುತ್ತದೆ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ. ಅದರ ಮೇಲೆ ಅತಿಥಿಸೇವೆಯೂ ಸೇರಿದರೆ ಹೊರೆ ಎಷ್ಟಾದೀತು?

ರಜೆ ಎಂದರೆ ನಷ್ಟ ಎಂಬ ಭಯವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ನಮ್ಮ ಕೋಣೆಯ ಬಾಡಿಗೆ ದಿನಕ್ಕೆ 1,500 ರೂಪಾಯಿ. ಐದು ದಿನ ಮುಚ್ಚಿದರೆ 7,500 ಹೋಯಿತೆಂದು ನಾನು ಭಾವಿಸಿದ್ದೆ. ಆದರೆ ತಿಂಗಳ 30 ರಾತ್ರಿಗಳಲ್ಲಿ ಕೋಣೆ ತುಂಬುವುದು ಸುಮಾರು 12. ಹಾಗಾದರೆ ಐದು ದಿನಗಳಲ್ಲಿ ನಿಜಕ್ಕೂ ತಪ್ಪುವುದು ಎರಡು ರಾತ್ರಿಗಳ ಆದಾಯ, ಅಂದರೆ 3,000. ತಿಂಡಿ, ಒಗೆತ, ವಿದ್ಯುತ್ತಿನ ಖರ್ಚು ರಾತ್ರಿಗೆ 500ರಂತೆ ಕಳೆದರೆ ಉಳಿಯುವುದು 2,000. ಜಾತ್ರೆ, ಮುಹೂರ್ತಗಳಿಲ್ಲದ ವಾರದ ನಡುವಿನ ದಿನಗಳನ್ನು ಆರಿಸಿಕೊಂಡರೆ ಅದೂ ತಗ್ಗುತ್ತದೆ. ನೀರಿನ ತೊಟ್ಟಿ ತೊಳೆಸುವ, ಸುಣ್ಣಬಣ್ಣ ಮಾಡಿಸುವ ಕೆಲಸಗಳೂ ಆಗ ಮುಗಿಯುತ್ತವೆ. ಆದರೆ ಅವುಗಳ ಉಸ್ತುವಾರಿ ಮತ್ತೆ ಗೃಹಿಣಿಯ ತಲೆಗೆ ಬರಬಾರದು.

ರಜೆಯನ್ನು ಮೊದಲೇ ಗೊತ್ತುಮಾಡುವುದು ಮುಖ್ಯ. ಏರ್‌ಬಿಎನ್‌ಬಿಯಂಥ ಜಾಲತಾಣಗಳಲ್ಲಿ ಖಾಲಿ ದಿನಗಳನ್ನು ಮುಂಚಿತವಾಗಿ ಮುಚ್ಚಿಡಲು ಅವಕಾಶವಿದೆ. ಒಪ್ಪಿಕೊಂಡ ಅತಿಥಿಯನ್ನು ಕೊನೆಗಳಿಗೆಯಲ್ಲಿ ಬೇಡವೆಂದರೆ ದಂಡ ತೆರಬೇಕಾಗಬಹುದು. ದಂಡಕ್ಕಿಂತಲೂ ದೊಡ್ಡದು, ನಂಬಿ ಹೊರಟವರ ಪರದಾಟ. ಸರ್ಕಾರ ವರ್ಷದ ರಜಾಪಟ್ಟಿಯನ್ನು ಮೊದಲೇ ಪ್ರಕಟಿಸುವಂತೆ ಮನೆಯವರೂ ಪಟ್ಟಿಯೊಂದನ್ನು ಮಾಡಿಕೊಳ್ಳಬೇಕು. ತುಮಕೂರು, ಗುಬ್ಬಿ, ಕುಣಿಗಲ್‌ನ ಇಂಥ ಮನೆಗಳವರು ಪರಸ್ಪರ ಪರಿಚಯ ಬೆಳೆಸಿಕೊಂಡರೆ, ಒಬ್ಬರು ಬಾಗಿಲು ಹಾಕಿದಾಗ ಇನ್ನೊಬ್ಬರು ಅತಿಥಿಗಳನ್ನು ಬರಮಾಡಿಕೊಳ್ಳಬಹುದು. ಹಳ್ಳಿಯ ಮುಯ್ಯಾಳು ಪದ್ಧತಿಯೂ ಇದೇ ಅಲ್ಲವೇ?

ಈ ವರ್ಷ ಯುಗಾದಿಯ ಪಂಚಾಂಗ ಮನೆಗೆ ಬಂದೊಡನೆ ರಜೆಯ ದಿನಗಳಿಗೆ ಗುರುತು ಹಾಕಿದೆವು. ದಿನಗಳನ್ನು ಆರಿಸಿದವರು ನನ್ನ ಶ್ರೀಮತಿ. ಮೊದಲ ರಜೆಯಲ್ಲಿ ಅವರು ಗುಬ್ಬಿಗೆ ಹೋಗಿ ಅಕ್ಕನ ಮನೆಯಲ್ಲಿ ನಾಲ್ಕು ದಿನ ಉಳಿದು ಬಂದರು. ಮಹಡಿಯ ಹಾಸಿಗೆಗಳನ್ನು ಒಗೆದು ಹಾಕಿದವನು ನಾನು. ಒಂದು ಕೋಣೆಯ ಕೆಲಸ ಎಷ್ಟೆಂಬುದು ಅಂದು ತಿಳಿಯಿತು.