ಟೊಂಕನೋವೂ ಕೈಚಿಕಿತ್ಸೆಯೂ

ನವಲಗುಂದ ತಾಲೂಕಿನ ತಿರ್ಲಾಪುರದಂಥ ಎರೆಭೂಮಿಯ ಊರುಗಳಲ್ಲಿ ದಿನವೆಲ್ಲ ಬಾಗಿ ದುಡಿಯುವ ರೈತ-ಕೂಲಿಕಾರರಿಗೆ ಟೊಂಕವೇ ಬಂಡವಾಳವು. ಅದು ಹಿಡಿದರೆ ಅಂದಿನ ಕೂಲಿ ಹೋದಂತೆಯೇ. ಉಳುಕು ತೆಗೆಯುವವರ ಬಳಿಗೆ ಹೋಗುವುದು ನಮ್ಮಲ್ಲಿ ಹಳೆಯ ರೂಢಿ; ಈಗ ಪಟ್ಟಣಗಳಲ್ಲಿ ‘ಕೈರೋಪ್ರಾಕ್ಟಿಕ್’ ಎಂಬ ಹೆಸರೂ ಕೇಳಿಬರುತ್ತಿದೆ. 1895ರಲ್ಲಿ ಅಮೇರಿಕೆಯ ಡೇವನ್‌ಪೋರ್ಟಿನಲ್ಲಿ ಡಿ. ಡಿ. ಪಾಮರ್ ಎಂಬವರು ಆರಂಭಿಸಿದ ಈ ಪದ್ಧತಿಯಲ್ಲಿ ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಒತ್ತಿ ಸಡಿಲಿಸುವರು.

ಪರದೇಶದ ವಿದ್ಯೆಯೆಂದು ಇದನ್ನು ಪೂಜಿಸುವುದೂ ಸಲ್ಲದು, ಹಳಿಯುವುದೂ ಸಲ್ಲದು. ಬಹುಕಾಲದ ಟೊಂಕನೋವಿಗೆ ವ್ಯಾಯಾಮ, ತಿಳಿವಳಿಕೆಗಳಂತೆ ಬೆನ್ನೆಲುಬಿನ ಕೈಚಿಕಿತ್ಸೆಯನ್ನೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿದೆ. ಆದರೆ ಇದರಿಂದ ಸಕಲ ರೋಗಗಳೂ ವಾಸಿಯಾಗುವವೆಂಬ ಮಾತಿಗೆ ಆಧಾರವಿಲ್ಲ. ಕಾಲು ಸೋತರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಜ್ವರ ಕೂಡಿದರೆ, ಬಿದ್ದು ಪೆಟ್ಟಾಗಿದ್ದರೆ, ಯಾರಿಂದಲೂ ಒತ್ತಿಸಿಕೊಳ್ಳದೆ ಕೂಡಲೇ ಆಸ್ಪತ್ರೆಯನ್ನು ಸೇರತಕ್ಕದ್ದು.

ನಮ್ಮ ದೇಶದಲ್ಲಿ ಈ ಕಸುಬಿಗೆ ಶಾಸನಬದ್ಧವಾದ ಪರಿಷತ್ತಿಲ್ಲ. ಬರಿಯ ಹಲಗೆಯನ್ನು ಓದಿ ಬೆನ್ನನ್ನು ಒಪ್ಪಿಸುವುದು ಜಾಣತನವಲ್ಲ. ಕಲಿತ ಭೌತಚಿಕಿತ್ಸಕರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ವಾರಕ್ಕೊಮ್ಮೆಯಾದರೂ ಬರುವಂತೆ ಸರಕಾರವು ಏರ್ಪಡಿಸಬೇಕೆಂಬುದೇ ನಮ್ಮ ಆಗ್ರಹ. ಪಟ್ಟಣಿಗನ ಬೆನ್ನಿಗಿರುವ ಬೆಲೆ ರೈತನ ಬೆನ್ನಿಗೂ ಉಂಟೆಂಬುದನ್ನು ಅಧಿಕಾರಿಗಳು ಮರೆಯಲಾಗದು.