ಮಗನ ಕನ್ನಡಿ, ತಂದೆಯ ಕಣ್ಣು

ಕಳೆದ ಶ್ರಾವಣ ಮಾಸದ ಒಂದು ಸಂಜೆ ನಮಗೆ ಬಹುಕಾಲದಿಂದ ಪರಿಚಿತರಾದ ಗೃಹಸ್ಥರೊಬ್ಬರು ಮನೆಗೆ ಬಂದರು. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಮಾತು ಮಿತ, ನಡೆ ನೇರ. ಜೊತೆಯಲ್ಲಿ ಇಪ್ಪತ್ತನಾಲ್ಕು ವರ್ಷದ ಮಗನಿದ್ದ. ಕುಳಿತ ಕೂಡಲೇ ಅವರು ದೂರನ್ನು ಆರಂಭಿಸಿದರು: “ಗುರುಗಳೇ, ಇವನಿಗೆ ನೀವಾದರೂ ಬುದ್ಧಿ ಹೇಳಬೇಕು. ನಮ್ಮ ಮನೆತನದಲ್ಲಿ ಎಂದೂ ಇಲ್ಲದ್ದು, ಹೊರಗೆ ಮೊಟ್ಟೆ ತಿನ್ನಲು ಕಲಿತಿದ್ದಾನೆ. ಮೈ ಬೆಳೆಸುವ ಹುಚ್ಚು ಹಿಡಿದಿದೆ.” ಮಗ ತಲೆ ತಗ್ಗಿಸಿ ಕುಳಿತಿದ್ದ. ಅವನ ತೋಳುಗಳಿಗೆ ಅಂಗಿ ಸಾಲದಾಗಿತ್ತು. ಮುಖದ ಮೇಲೂ ಕತ್ತಿನ ಹಿಂದೆಯೂ ದಪ್ಪ ಮೊಡವೆಗಳೆದ್ದಿದ್ದವು.

ತಂದೆಯವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನಾವು ಮೆಲ್ಲನೆ ಕೇಳಿದೆವು: “ಯಾಕಪ್ಪಾ ತಮ್ಮಾ, ಇಷ್ಟೆಲ್ಲ ಯಾರಿಗಾಗಿ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನಾ ಸಣ್ಣಾಂವ ಇದ್ದಾಗ ಮನೀಗೆ ಯಾರೇ ಬರಲಿ, ಅಪ್ಪ ನನ್ನ ರಟ್ಟಿ ಹಿಡಿದು ‘ನಮ್ಮ ಕಡ್ಡಿ ಪೈಲವಾನ’ ಅಂತಿದ್ದರು. ಎಲ್ಲಾರೂ ನಗತಿದ್ದರು. ಅದು ಇನ್ನೂ ಕಿವ್ಯಾಗ ಐತಿ, ಗುರುಗಳೇ.” ಬಳಿಕ ಅವನೇ ಹೇಳಿದ, ಮೊಟ್ಟೆಯಷ್ಟೇ ಅಲ್ಲ, ಆರು ತಿಂಗಳಿಂದ ಸೂಜಿಮದ್ದನ್ನೂ ಚುಚ್ಚಿಸಿಕೊಳ್ಳುತ್ತಿದ್ದೇನೆಂದು. ತಾಯಿಗೆ ಚೀಲದಲ್ಲಿ ಸೂಜಿ ಸಿಕ್ಕಿತ್ತು. ಮನೆಯಲ್ಲಿ ರಂಪವಾದೀತೆಂದು ಆಕೆ ಬಾಯಿ ಬಿಟ್ಟಿರಲಿಲ್ಲ.

ಆ ಮನೆಯಲ್ಲಿ ತಿಂಗಳುಗಟ್ಟಲೆ ಮೊಟ್ಟೆಯ ಮೇಲೆ ಜಗಳ ನಡೆದಿತ್ತು. ಸೂಜಿಯ ಸುದ್ದಿ ತಂದೆಯ ಕಿವಿಗೆ ಬಿದ್ದಿರಲಿಲ್ಲ. ಊರು ಹೆಸರುಗಳನ್ನು ಮರೆಮಾಡಿ, ಅವರಿಬ್ಬರ ಒಪ್ಪಿಗೆ ಪಡೆದು ಈ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಮನೆ ಇದೊಂದೇ ಅಲ್ಲವೆಂದು ಬಲ್ಲೆವು.

ಗರಡಿಯಲ್ಲಿ ಕನ್ನಡಿ ಇರಲಿಲ್ಲ

ಮೈ ಬೆಳೆಸುವುದು ನಮ್ಮ ನಾಡಿಗೆ ಹೊಸತಲ್ಲ. ನಾವು ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದ ಕಾಲಕ್ಕೆ ಆ ಊರಿನಲ್ಲಿ ಒಂದು ಗರಡಿಮನೆಯಿತ್ತು. ತಗ್ಗು ಬಾಗಿಲು, ಒಳಗೆ ಎಣ್ಣೆ ಅರಿಸಿನ ಬೆರೆತ ಕೆಂಪು ಮಣ್ಣು, ಮೂಲೆಯಲ್ಲಿ ಗದೆ, ಹೊರಗೆ ಎತ್ತುವ ಗುಂಡುಕಲ್ಲು. ಬೆಳಗಿನ ಜಾವದಲ್ಲಿ ಹುಡುಗರು ದಂಡ ಬಸ್ಕಿ ಹೊಡೆಯುತ್ತಿದ್ದರು. ಆ ಗರಡಿಯಲ್ಲಿ ಕನ್ನಡಿ ಇರಲಿಲ್ಲ. ಕಲ್ಲು ಎದ್ದಿತೇ ಇಲ್ಲವೇ, ಎದುರಾಳಿ ಮಣ್ಣಿಗೆ ಬಿದ್ದನೇ ಇಲ್ಲವೇ ಎಂಬುದೇ ಅಲ್ಲಿಯ ಪರೀಕ್ಷೆ. ಪೈಲವಾನನ ಹೊಟ್ಟೆ ಮುಂದೆ ಬಂದಿದ್ದರೂ ಅವನನ್ನು ಯಾರೂ ಹಳಿಯುತ್ತಿರಲಿಲ್ಲ.

ಇಂದಿನ ಜಿಮ್ಮಿನ ಗೋಡೆಗಳಿಗೆಲ್ಲ ಕನ್ನಡಿ. ಅದು ಸಾಲದೆಂಬಂತೆ ಕೈಯಲ್ಲಿ ಮೊಬೈಲು. ಗರಡಿಯ ಹುಡುಗ ತನ್ನ ಓಣಿಯ ಹತ್ತು ಜನರೊಡನೆ ತನ್ನನ್ನು ಹೋಲಿಸಿಕೊಳ್ಳುತ್ತಿದ್ದ. ಇಂದಿನವನು ಜಗತ್ತಿನ ಆಯ್ದ ಸಾವಿರ ದೇಹಗಳೊಡನೆ, ಅದೂ ಬೆಳಕು ಹೊಂದಿಸಿ ತಿದ್ದಿದ ಚಿತ್ರಗಳೊಡನೆ ಹೋಲಿಸಿಕೊಳ್ಳುತ್ತಾನೆ.

ರೂಪದ ಚಿಂತೆ ಹೆಣ್ಣುಮಕ್ಕಳದು ಮಾತ್ರವೆಂದು ನಾವು ಬಹುಕಾಲ ಭಾವಿಸಿದ್ದೆವು. ಮಾರುಕಟ್ಟೆ ನಮಗಿಂತ ಮೊದಲೇ ಎಚ್ಚೆತ್ತಿತು. ಗಂಡಸರಿಗೆಂದೇ ಬಿಳುಪಿನ ಮುಲಾಮು ‘ಫೇರ್ ಅಂಡ್ ಹ್ಯಾಂಡ್‌ಸಮ್’ ನಮ್ಮ ದೇಶದಲ್ಲಿ 2005ರಲ್ಲೇ ಬಂದಿತು. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1999ರಲ್ಲಿ ಹುಡುಗರು ಆಡುವ ಸೈನಿಕ ಗೊಂಬೆಗಳನ್ನು ಅಳೆದು ನೋಡಿದರು. ಗೊಂಬೆಯನ್ನು ನಿಜ ಮನುಷ್ಯನ ಎತ್ತರಕ್ಕೆ ಏರಿಸಿ ಲೆಕ್ಕ ಹಾಕಿದರೆ, 1964ರ ಗೊಂಬೆಯ ತೋಳಿನ ಸುತ್ತಳತೆ ಸುಮಾರು 12 ಅಂಗುಲವಿದ್ದದ್ದು 1990ರ ದಶಕದ ಕೊನೆಯ ಗೊಂಬೆಯೊಂದರಲ್ಲಿ ಸುಮಾರು 27 ಅಂಗುಲಕ್ಕೆ ಬೆಳೆದಿತ್ತು. ಅಂಥ ತೋಳು ಮನುಷ್ಯರಿಗೆ ಇರುವುದಲ್ಲ. ಆದರೆ ಮಗುವಿನ ಕಣ್ಣಿಗೆ ಅದೇ ಗಂಡಸಿನ ಅಳತೆಯಾಗುತ್ತದೆ.

ಇದೇ ವೈದ್ಯರು 1993ರಲ್ಲಿ ಒಂದು ವಿಚಿತ್ರ ವ್ಯಾಧಿಯನ್ನು ವರ್ಣಿಸಿದ್ದರು. 1997ರಲ್ಲಿ ಅದಕ್ಕೆ ‘ಮಸಲ್ ಡಿಸ್‌ಮಾರ್ಫಿಯಾ’ ಎಂದು ಹೆಸರಿಟ್ಟರು. ಅದು ಹಿಡಿದವನು ದಷ್ಟಪುಷ್ಟನಾಗಿದ್ದರೂ ಕನ್ನಡಿಯಲ್ಲಿ ತನ್ನನ್ನು ಬಡಕಲನಾಗಿಯೇ ಕಾಣುತ್ತಾನೆ. ಮದುವೆ ಮುಂಜಿಗಳನ್ನು ತಪ್ಪಿಸಿಯಾದರೂ ವ್ಯಾಯಾಮಕ್ಕೆ ಹೋಗುತ್ತಾನೆ. ಅಂಗಿ ತೆಗೆಯಲು ನಾಚುತ್ತಾನೆ. 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೆ ಸ್ಥಾನ ದೊರೆತಿದೆ. ಆದ್ದರಿಂದ ಇದನ್ನು ಬರಿಯ ಸೊಕ್ಕೆಂದು ಬೈದರೆ ಪ್ರಯೋಜನವಿಲ್ಲ, ಇದರೊಳಗೆ ನೋವಿದೆ.

ಗಂಡಸಾಗಲು ಹೋಗಿ

ಈಗ ಸೂಜಿಯ ವಿಚಾರ. ಅನಬಾಲಿಕ್ ಸ್ಟೆರಾಯ್ಡ್ ಎನ್ನುವುದು ಗಂಡಸಿನ ದೇಹದಲ್ಲಿ ಸಹಜವಾಗಿ ಹುಟ್ಟುವ ಟೆಸ್ಟೊಸ್ಟೆರೋನ್ ರಸದ ಕೃತಕ ರೂಪ. ಕೆಲವು ಕಾಯಿಲೆಗಳಿಗೆ ವೈದ್ಯರು ಇದನ್ನು ಅಳೆದು ಕೊಡುತ್ತಾರೆ. ಅವರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಕಳ್ಳದಾರಿಯಲ್ಲಿ ಸಿಗುತ್ತದೆ. ಇದರಿಂದ ಸ್ನಾಯು ಬೇಗ ಉಬ್ಬುವುದು ನಿಜ. ಆದರೆ ಹೃದಯಕ್ಕೂ ಯಕೃತ್ತಿಗೂ ಪೆಟ್ಟು ಬೀಳಬಹುದು, ರಕ್ತದೊತ್ತಡ ಏರಬಹುದು, ಮೊಡವೆ ಏಳಬಹುದು, ಸಿಟ್ಟು ಹೆಚ್ಚಬಹುದು, ಎದೆ ಹೆಣ್ಣಿನಂತೆ ಬೆಳೆಯಲೂಬಹುದು.

ಎಲ್ಲಕ್ಕಿಂತ ಮಿಗಿಲಾದ ಸಂಗತಿಯನ್ನು ಹಿರಿಯರು ಸಂಕೋಚ ಬಿಟ್ಟು ಮಕ್ಕಳಿಗೆ ತಿಳಿಸಬೇಕು. ಹೊರಗಿನಿಂದ ಈ ರಸ ಬಂದೊಡನೆ ದೇಹವು ತನ್ನ ಉತ್ಪಾದನೆಯನ್ನು ನಿಲ್ಲಿಸುತ್ತದೆ. ಅದರೊಡನೆ ಸಂತಾನಬೀಜದ ಉತ್ಪತ್ತಿಯೂ ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 271 ಆರೋಗ್ಯವಂತ ಗಂಡಸರ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ವಾರಕ್ಕೊಮ್ಮೆ ಟೆಸ್ಟೊಸ್ಟೆರೋನ್ ಸೂಜಿ ಕೊಟ್ಟಾಗ, ಆರು ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ಬೀಜವೇ ಇಲ್ಲದಾಯಿತು. ಆ ಪರೀಕ್ಷೆ ನಡೆದದ್ದೇ ಗಂಡಸರಿಗೊಂದು ಸಂತಾನ ನಿರೋಧಕವನ್ನು ಹುಡುಕುವುದಕ್ಕಾಗಿ! ಮದ್ದು ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಶಕ್ತಿ ಮರಳುತ್ತದೆ. ಆದರೆ ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ಇನ್ನೂ ಹೆಚ್ಚು. ಗಂಡಸಾಗಿ ಕಾಣಲೆಂದು ಚುಚ್ಚಿಸಿಕೊಂಡ ಮದ್ದು ತಂದೆಯಾಗುವ ಭಾಗ್ಯವನ್ನೇ ಕಸಿಯುವುದೆಂದರೆ ಇದಕ್ಕಿಂತ ದೊಡ್ಡ ವಿಪರ್ಯಾಸ ಯಾವುದು?

ಆಹಾರದ ಮಾತಿಗೂ ಉತ್ತರವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ಮೈ ಬೆಳೆಸಲೆಂದು ಪ್ರೋಟೀನ್ ಪುಡಿಗಳನ್ನು ಸೇವಿಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಬೆಳೆದ ಮನುಷ್ಯನಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕೆಂಬುದು ಆ ಸಂಸ್ಥೆಯ ಶಿಫಾರಸು. ಅರವತ್ತು ಕಿಲೋ ತೂಕದವನಿಗೆ ಸುಮಾರು 50 ಗ್ರಾಂ. ಬೇಳೆ, ಮಡಕೆಕಾಳು, ಕಡಲೆ, ಶೇಂಗಾ, ಹಾಲು, ಮೊಸರು ಇವುಗಳನ್ನು ರೊಟ್ಟಿಯೊಡನೆ ತಕ್ಕಷ್ಟು ಉಂಡರೆ ಅದು ನಮ್ಮ ಅಡುಗೆಮನೆಯಲ್ಲೇ ಒದಗುತ್ತದೆ. ಆದರೆ ಬಡಿಸುವ ಕೈ, ಜೊತೆಗೆ ಕುಳಿತು ಉಣ್ಣುವ ತಂದೆ ಇಬ್ಬರೂ ಬೇಕು. ಮೊಟ್ಟೆಯ ವಿಚಾರದಲ್ಲಿ ಮನೆಯ ನಿಯಮವನ್ನು ನಾವೂ ಮನ್ನಿಸುವವರೇ. ಆದರೆ ನಿಯಮದ ಮಾತಿನಲ್ಲೇ ಮಾತೆಲ್ಲ ಮುಗಿದುಹೋದರೆ ಮಗನ ಕಷ್ಟ ಕೇಳಿಸುವುದೇ ಇಲ್ಲ.

ಸಂಬಂಧದ ಸಂತೆಯಲ್ಲಿ

ಹುಡುಗರ ಈ ಕಳವಳಕ್ಕೆ ಇನ್ನೊಂದು ಬೇರಿದೆ. ಮೊದಲು ವರನ ಮನೆಯವರು ಕನ್ಯೆಯನ್ನು ನಡೆಸಿ, ಮಾತನಾಡಿಸಿ, ಬಣ್ಣ ನೋಡಿ ತೂಗುತ್ತಿದ್ದರು. ಅದು ಅನ್ಯಾಯವೆಂದು ಅಂದು ನಮಗೆ ಹೊಳೆಯಲಿಲ್ಲ. ಇಂದು ತಕ್ಕಡಿ ತಿರುಗಿದೆ. ವರನ ತಲೆಗೂದಲು, ಎತ್ತರ, ಸಂಬಳ, ಊರು ಎಲ್ಲವೂ ತೂಕಕ್ಕೆ ಬರುತ್ತಿವೆ. ಹೆಣ್ಣುಮಕ್ಕಳು ಓದಿ, ದುಡಿದು, ತಮ್ಮ ಬಾಳನ್ನು ತಾವೇ ಆರಿಸಿಕೊಳ್ಳುವುದು ಒಳ್ಳೆಯದೇ. ಅದನ್ನು ಯಾರೂ ಹಿಂದಕ್ಕೆ ಎಳೆಯಬಾರದು. ಆದರೆ ಬೇಡವೆನಿಸಿಕೊಂಡ ಹುಡುಗನ ಮನಸ್ಸನ್ನು ಕೇಳುವವರೂ ಬೇಕು. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ಯುವಕರು ಕನ್ಯೆ ಸಿಗಲೆಂದು ಬೇಡಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಪತ್ರಿಕೆಯಲ್ಲಿ ಓದಿ ನಕ್ಕವರುಂಟು. ನಮಗೆ ನಗು ಬರಲಿಲ್ಲ. ನೆಲ ಉತ್ತು ಬೆಳೆದು ಕೊಡುವ ಮೈಗೂ ಬೆಲೆಯಿಲ್ಲವೆನಿಸಿದಾಗ ಆ ಹುಡುಗರು ಇನ್ನಾರ ಬಳಿ ಹೇಳಿಕೊಂಡಾರು?

ಹಳೆಯ ತಂದೆ, ಹೊಸ ತಂದೆ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಮಗ ಏಳು ತಿಂಗಳ ಕೂಸಾಗಿದ್ದಾಗ ಒಮ್ಮೆ ಜ್ವರ ಬಂದಿತು. ತಾಲೂಕಿನ ದವಾಖಾನೆಗೆ ಹೋಗಲು ಎರಡು ಮೈಲಿ ನಡೆದು ಬಸ್ಸು ಹಿಡಿಯಬೇಕಿತ್ತು. ನಮ್ಮ ತೀರ್ಥರೂಪರು ಕಟ್ಟೆಯ ಮೇಲೆ ಕುಳಿತಿದ್ದರು. ಹಿರಿಯರ ಮುಂದೆ ಗಂಡಸು ತನ್ನ ಕೂಸನ್ನು ತಾನೇ ಎತ್ತಿಕೊಳ್ಳುವುದು ಮರ್ಯಾದೆಯಲ್ಲವೆಂಬ ಕಾಲವದು. ಬಾಣಂತನದಿಂದ ಇನ್ನೂ ಚೇತರಿಸಿಕೊಳ್ಳದ ಮಡದಿ ಕೂಸನ್ನು ಎತ್ತಿಕೊಂಡು ನಡೆದಳು. ನಾವು ಕೊಡೆ ಹಿಡಿದು ಮುಂದೆ ನಡೆದೆವು. ಊರ ಹೊರಗೆ ಬಂದ ಮೇಲೂ ಕೈ ಚಾಚಲು ನಮಗೆ ತೋಚಲಿಲ್ಲ. ಇಂದು ಆ ಮಗ ತನ್ನ ಮಗಳನ್ನು ಎದೆಗೆ ಕಟ್ಟಿಕೊಂಡು ಸಂತೆಗೆ ಹೋಗುವುದನ್ನು ಕಂಡಾಗ ಸಂತೋಷವಾಗುತ್ತದೆ. ಒಳಗೆ ಚುರುಕ್ಕೆನ್ನುವುದೂ ಉಂಟು. ಹಳೆಯದೆಲ್ಲ ಹೊನ್ನೆಂದು ನಾವು ಹೇಳಲಾರೆವು.

ಮಗುವನ್ನು ಎತ್ತಿ ಆಡಿಸಿದರೆ ಗಂಡಸುತನ ಕುಂದುವುದೆಂದು ಹಲವರು ನಂಬಿದ್ದರು. ದೇಹದ ರಚನೆ ಬೇರೆಯೇ ಮಾತು ಹೇಳುತ್ತದೆ. ಫಿಲಿಪ್ಪೀನ್ಸ್ ದೇಶದ ಸೆಬು ಎಂಬಲ್ಲಿ 624 ತರುಣರ ಟೆಸ್ಟೊಸ್ಟೆರೋನ್ ಪ್ರಮಾಣವನ್ನು 2005ರಲ್ಲೊಮ್ಮೆ, 2009ರಲ್ಲೊಮ್ಮೆ ಅಳೆದು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರಂಭದಲ್ಲಿ ಆ ರಸ ಹೆಚ್ಚಿದ್ದವರೇ ಮುಂದೆ ಸಂಗಾತಿಯನ್ನು ಪಡೆದು ತಂದೆಯಾಗುವ ಸಂಭವ ಹೆಚ್ಚಿತ್ತು. ತಂದೆಯಾದ ಮೇಲೆ ಅವರಲ್ಲಿ ಅದು ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ತಾಸಿಗೂ ಮಿಕ್ಕಿ ಮಗುವಿನ ಆರೈಕೆ ಮಾಡುವ ತಂದೆಯರಲ್ಲಿ ಇನ್ನೂ ಕಡಿಮೆಯಿತ್ತು. ಇದು ದೌರ್ಬಲ್ಯವಲ್ಲ. ಮಗುವಿನ ಪಾಲನೆಗೆ ಗಂಡಸಿನ ದೇಹವೂ ತನ್ನನ್ನು ಹದಗೊಳಿಸಿಕೊಳ್ಳುವ ಬಗೆಯಿದು. ಪ್ರಕೃತಿಯೇ ತಂದೆಯನ್ನು ಮೃದುಗೊಳಿಸುವಾಗ ನಾವೇಕೆ ಅವನನ್ನು ಕಲ್ಲಾಗಿಸಬೇಕು?

ಸರಕಾರವೂ ಇದನ್ನು ಅಲ್ಪಮಟ್ಟಿಗೆ ಒಪ್ಪಿದೆ. 2017ರ ತಿದ್ದುಪಡಿಯಿಂದ ದುಡಿಯುವ ತಾಯಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಹೆರಿಗೆ ರಜೆ ದೊರೆಯಿತು. ಕೇಂದ್ರ ಸರಕಾರದ ನೌಕರನಾದ ತಂದೆಗಿರುವ ಪಿತೃತ್ವ ರಜೆ 15 ದಿನ. ಆ ಹದಿನೈದು ದಿನಗಳನ್ನಾದರೂ ತಂದೆಯಾದವನು ತೊಟ್ಟಿಲ ಬಳಿ ಕಳೆಯಬೇಕು. ಬಾಣಂತಿ ತವರಿನಲ್ಲಿದ್ದರೆ ಅಲ್ಲಿಗೇ ಹೋಗಬೇಕು.

ಮನೆಯವರಿಗೆ ನಾಲ್ಕು ಮಾತು

ಮೊದಲನೆಯದು: ಮಗನ ಮೈಯನ್ನು ಕುರಿತು ನಾಲ್ಕು ಜನರ ಮುಂದೆ ಹಾಸ್ಯ ಮಾಡಬೇಡಿ. ಕಡ್ಡಿ, ಡೊಳ್ಳ, ಕರಿಯ, ಕುಳ್ಳ ಎಂಬವು ನಮಗೆ ಆಟದ ಮಾತುಗಳು. ಮಗು ಅವನ್ನು ಹೆಸರಾಗಿಯೇ ಹೊತ್ತುಕೊಳ್ಳುತ್ತದೆ.

ಎರಡನೆಯದು: ವ್ಯಾಯಾಮವನ್ನು ತಡೆಯಬೇಡಿ. ಅದು ಆರೋಗ್ಯಕ್ಕೂ ಮನಸ್ಸಿಗೂ ಹಿತ. ಎಲ್ಲಿಗೆ ಹೋಗುತ್ತಾನೆ, ಯಾರು ಕಲಿಸುತ್ತಾರೆ, ಏನು ಕೊಡುತ್ತಾರೆ ಎಂಬುದನ್ನು ಪ್ರೀತಿಯಿಂದ ವಿಚಾರಿಸಿ. ಸಾಧ್ಯವಾದರೆ ಬೆಳಿಗ್ಗೆ ಜೊತೆಯಲ್ಲಿ ನಡೆಯಿರಿ.

ಮೂರನೆಯದು: ಸೂಜಿ, ಗುಳಿಗೆ ಕಂಡರೆ ಬಚ್ಚಿಡಬೇಡಿ, ರಂಪವನ್ನೂ ಮಾಡಬೇಡಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಬಿಡುವಾಗ ಮನಸ್ಸು ಕುಗ್ಗುವುದುಂಟು. ಆಗ ಜೊತೆಯಲ್ಲಿ ಒಬ್ಬರಿರಬೇಕು.

ನಾಲ್ಕನೆಯದು: ನೀವೂ ನಿಮ್ಮ ದೇಹದೊಡನೆ ಸಮಾಧಾನವಾಗಿರಿ. ತಂದೆಯೇ ದಿನವೂ ತಲೆಗೂದಲಿಗೆ ಬಣ್ಣ ಹಚ್ಚುತ್ತ, ಹೊಟ್ಟೆ ನೋಡಿ ನಿಟ್ಟುಸಿರು ಬಿಡುತ್ತಿದ್ದರೆ ಮಗ ಕಲಿಯುವುದೂ ಅದನ್ನೇ.

ಮೇಲೆ ಹೇಳಿದ ಗೃಹಸ್ಥರಿಗೆ ಅಂದೇ ಮಗನ ಬಾಯಿಂದಲೇ ನಿಜ ತಿಳಿಯಿತು. ಸೂಜಿಯ ಸುದ್ದಿಗೆ ಅವರು ಸಿಟ್ಟಾದರು. ‘ಕಡ್ಡಿ ಪೈಲವಾನ’ ಎಂಬ ಮಾತಿಗೆ ಬೆರಗಾದರು. ಅವರಿಗೆ ಅದು ನೆನಪೇ ಇರಲಿಲ್ಲ. ಬಹಳ ಹೊತ್ತಿನ ಮೇಲೆ, “ನಾ ಅದನ್ನ ಪ್ರೀತಿಯಿಂದ ಅಂದಿದ್ದೆನಪ್ಪಾ” ಎಂದರು. ಮಗ, “ಗೊತ್ತೈತಿ ಅಪ್ಪಾ” ಎಂದ. ಮರುದಿನ ಇಬ್ಬರೂ ವೈದ್ಯರಲ್ಲಿಗೆ ಹೋದರು. ಚಿಕಿತ್ಸೆ ನಡೆದಿದೆ. ತೋಳು ತುಸು ಇಳಿದಿದೆ; ಮಗ ಈಗ ಮನೆಯಲ್ಲಿ ತಂದೆಯ ಪಕ್ಕದಲ್ಲೇ ಊಟಕ್ಕೆ ಕೂರುತ್ತಾನೆಂದು ತಾಯಿ ಹೇಳಿ ಕಳಿಸಿದ್ದಾರೆ.

ಕಾಯವೆಂದರೆ ದೇಹ, ಅದರಿಂದಲೇ ನಮ್ಮ ಹಿರಿಯರು ಕಾಯಕವೆಂಬ ಮಾತನ್ನು ಬೆಳೆಸಿದರು. ಅಚ್ಚಗನ್ನಡದಲ್ಲಿ ಕಾಯುವುದೆಂದರೆ ರಕ್ಷಿಸುವುದು. ದುಡಿಯಲು ಮತ್ತು ಕಾಯಲು ಬಂದ ಮೈಗೆ ಕನ್ನಡಿಯ ಒಪ್ಪಿಗೆ ಬೇಕಿಲ್ಲವೆಂದು ಮಗನಿಗೆ ತಿಳಿಸುವ ಹೊಣೆ ಮೊದಲು ತಂದೆಯದು. ಅದನ್ನು ಅವನು ತನ್ನ ನೋಟದಿಂದಲೇ ತಿಳಿಸಬೇಕು.