ಸಿಸೇರಿಯನ್ ಆದ ಬಾಣಂತಿಗೆ ನೀರು ಕೊಡಬಹುದೆ?

ವೈಯಾಲಿಕಾವಲ್, ಮಲ್ಲೇಶ್ವರದ ಕಡೆ ಯಾವ ಹೆರಿಗೆ ವಾರ್ಡಿಗೆ ಹೋದರೂ ಬೆಳಗಿನ ರೌಂಡ್ಸ್‌ನಲ್ಲಿ ಕೇಳುವ ಪ್ರಶ್ನೆ ಒಂದಿದೆ: "ಗ್ಯಾಸ್ ಹೋಯ್ತೇನಮ್ಮಾ?" ಬಾಣಂತಿ ಸಂಕೋಚದಿಂದ ತಲೆಯಾಡಿಸುತ್ತಾಳೆ. ಫ್ಲಾಸ್ಕ್ ಹಿಡಿದು ಕೂತ ಅಮ್ಮ ಅದಕ್ಕೇ ಕಾದಿರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಅಂದರೆ ಇದು ಹೆಚ್ಚುಕಡಿಮೆ ಮೂರು ಬಾಣಂತಿಯರಲ್ಲಿ ಒಬ್ಬರ ಮಾತು.

"ಗ್ಯಾಸ್ ಹೋಗೋ ತನಕ ತೊಟ್ಟು ನೀರೂ ಬೇಡ."

ಇದಕ್ಕೆ ಅಜ್ಜಿಯರನ್ನು ಬೈದು ಪ್ರಯೋಜನವಿಲ್ಲ. ಹಿಂದೆ ಡಾಕ್ಟರುಗಳೇ ಹಾಕಿದ್ದ ಕಟ್ಟಳೆ ಇದು. ಆದರೆ ಸಿಸೇರಿಯನ್‌ನಲ್ಲಿ ಕೊಯ್ಯುವುದು ಚರ್ಮ, ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಆಮೇಲೆ ಗರ್ಭಕೋಶ. ಕರುಳಿಗೆ ಕತ್ತರಿ ಬೀಳುವುದಿಲ್ಲ. ಒಳಗೆ ಕೈಯಾಡಿದ್ದಕ್ಕೆ, ಕೆಲವು ನೋವಿನ ಮದ್ದುಗಳಿಗೆ ಅದು ಸ್ವಲ್ಪ ಹೊತ್ತು ಮಂದವಾಗುತ್ತದೆ, ಅಷ್ಟೆ. ಸಣ್ಣ ಕರುಳು ಕೆಲವೇ ಗಂಟೆಗಳಲ್ಲಿ ಚುರುಕಾಗುತ್ತದೆ, ಜಠರ ಒಂದೆರಡು ದಿನದಲ್ಲಿ ಪೂರ್ತಿ ಸರಿಹೋಗುತ್ತದೆ, ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕು. ಗ್ಯಾಸ್ ಹೋಗುವುದು ಈ ಕೊನೆಯದು ಎದ್ದ ಗುರುತು. ಅದು ಏಳಲಿ ಅಂತ ಹೊಟ್ಟೆಯನ್ನು ಖಾಲಿ ಬಿಟ್ಟರೆ ಏಳುವುದು ಇನ್ನೂ ತಡ, ಏಕೆಂದರೆ ಕರುಳನ್ನು ಎಬ್ಬಿಸುವುದೇ ಊಟ. ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆ ಕುರಿತ ಇರಾಸ್ ಸೊಸೈಟಿ 2019ರಲ್ಲಿ ಕೊಟ್ಟ ಮಾರ್ಗಸೂಚಿ, ತೊಡಕಿಲ್ಲದ ಸಿಸೇರಿಯನ್ ಆದ ಎರಡು ಗಂಟೆಯೊಳಗೆ ಮಾಮೂಲಿ ಆಹಾರ ಕೊಡಬಹುದು ಎನ್ನುತ್ತದೆ. ಮೊದಲು ನಾಲ್ಕು ಗುಟುಕು ನೀರು. ವಾಂತಿ ಬರದಿದ್ದರೆ ಗಂಜಿ, ಇಡ್ಲಿ. ರಕ್ತ ಹೆಚ್ಚು ಹೋಗಿದ್ದರೆ, ಕರುಳಿಗೆ ಪೆಟ್ಟಾಗಿದ್ದರೆ ಲೆಕ್ಕ ಬೇರೆ. ಆಗ ನಿಮ್ಮ ಡಾಕ್ಟರ್ ಹೇಳಿದ್ದೇ ಸರಿ.

ಹೆರಿಗೆಯ ಮರುದಿನ ಭುಜ ಹಿಡಿದುಕೊಂಡರೆ ಗಾಬರಿಯಾಗುವವರಿದ್ದಾರೆ. ಹೊಟ್ಟೆ ತೆರೆದಾಗ ಒಳಹೊಕ್ಕ ಗಾಳಿ ವಪೆಯ ಕೆಳಗೆ ಸೇರಿ ಕೆರಳಿಸಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ತಾನಾಗಿ ಹೋಗುತ್ತದೆ. ಜೊತೆಗೆ ಎದೆನೋವೋ ಉಸಿರಾಟದ ಕಷ್ಟವೋ ಇದ್ದರೆ ಮಾತ್ರ ತಕ್ಷಣ ಸಿಸ್ಟರ್‌ಗೆ ಹೇಳಿ.

"ಓಡಾಡಿದರೆ ಹೊಲಿಗೆ ಬಿಚ್ಚುತ್ತೆ." ಇಲ್ಲ. ಕಾಲಿಗೆ ಸ್ಪರ್ಶ, ಬಲ ಪೂರ್ತಿ ಮರಳಿದ ಮೇಲೆ, ಒಬ್ಬರ ಕೈ ಹಿಡಿದು ಬಾತ್‌ರೂಮಿನವರೆಗೆ ನಡೆಯಲಿ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಂತೆಯೂ ನಡಿಗೆ ಕಾಯುತ್ತದೆ. ಕೆಮ್ಮುವಾಗ, ಏಳುವಾಗ ಮಡಿಸಿದ ಸೀರೆಯನ್ನೋ ದಿಂಬನ್ನೋ ಗಾಯದ ಮೇಲೆ ಒತ್ತಿ ಹಿಡಿದರೆ ಅರ್ಧ ಭಯ ಹೋಗುತ್ತದೆ.

"ನೀರು ಕುಡಿದರೆ ಹೊಟ್ಟೆ ದಪ್ಪ ಆಗುತ್ತೆ, ಮಗುವಿಗೆ ಶೀತ."

ನನ್ನ ಮಟ್ಟಿಗೆ ಅತಿ ಹೆಚ್ಚು ಕಷ್ಟ ಕೊಡುವ ನಂಬಿಕೆ ಇದೇ. ನಮ್ಮ ಬಾಣಂತನದ ಅಡುಗೆಯಲ್ಲಿ ದೂರುವಂಥದ್ದು ಕಡಿಮೆ: ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪ ಸುರಿದ ಅಂಟಿನುಂಡೆ. ಕೆಟ್ಟದ್ದು ಅದರ ಜೊತೆಗೆ ಬರುವ ಬತ್ತಿಸುವಿಕೆ. ಹಾಲೂಡುವ ಮೈಗೆ ನೀರು ಹೆಚ್ಚು ಬೇಕು. ಕಡಿಮೆ ಕೊಟ್ಟರೆ ದೊಡ್ಡ ಕರುಳು ಮಲದಲ್ಲಿದ್ದ ನೀರನ್ನೂ ಹೀರಿಕೊಳ್ಳುತ್ತದೆ. ಇದರ ಮೇಲೆ ಕಬ್ಬಿಣದ ಮಾತ್ರೆ ಬೇರೆ. ಅದೇ ಮಲಬದ್ಧತೆ ತರುವ ಮದ್ದು. "ತಂಪು" ಅಂತ ಹಣ್ಣು, ತರಕಾರಿಯನ್ನೂ ದೂರವಿಟ್ಟರೆ ನಾರಿನಂಶವೂ ಹೋಯಿತು. ಮೂರೂ ಸೇರಿದ ಮೇಲೆ ಬಾಣಂತಿ ಕಣ್ಣೀರು ಹಾಕದೆ ಇರುತ್ತಾಳೆಯೆ? ತಣ್ಣೀರು ಬೇಡವೆಂದರೆ ಕಾಯಿಸಿದ ನೀರು ಕೊಡಿ, ಬೇಳೆ ಕಟ್ಟು ಕೊಡಿ. ದಪ್ಪ ಹೊಟ್ಟೆಗೂ ನೀರಿಗೂ ಸಂಬಂಧವಿಲ್ಲ. ಗರ್ಭಕೋಶ ಕುಗ್ಗಲು ಸುಮಾರು ಆರು ವಾರ ಬೇಕು.

ಊಟವಾದ ಮೇಲೆ ಬಾಣಂತಿ ವೀಳ್ಯದೆಲೆ ಜಗಿಯುವ ರೂಢಿಯಲ್ಲಿ ಸ್ವಲ್ಪ ಹುರುಳಿದೆ. ಜಗಿದ ಕೂಡಲೇ ಊಟ ಬಂತೆಂಬ ಸುದ್ದಿ ನರದ ಮೂಲಕ ಕರುಳಿಗೆ ಮುಟ್ಟುತ್ತದೆ. ಸಿಸೇರಿಯನ್ ಆದವರಿಗೆ ಚ್ಯೂಯಿಂಗ್ ಗಮ್ ಕೊಟ್ಟು ನೋಡಿದ ಪ್ರಯೋಗಗಳ 2016ರ ಕಾಕ್ರೇನ್ ಪರಾಮರ್ಶೆಯಲ್ಲಿ ಗ್ಯಾಸ್ ಸುಮಾರು ಏಳು ಗಂಟೆ ಮೊದಲೇ ಹೋಗಿತ್ತು. ಬೇಗ ಊಟ ಶುರು ಮಾಡಿದವರಿಗೆ ಇದು ಅಷ್ಟಾಗಿ ಬೇಕಿಲ್ಲ. ಎಲೆಯ ಜೊತೆ ಅಡಿಕೆ, ಹೊಗೆಸೊಪ್ಪು ಮಾತ್ರ ಬೇಡವೇ ಬೇಡ, ಎರಡೂ ಕ್ಯಾನ್ಸರ್ ತರುವಂಥವು.

"ಎರಡು ದಿನ ಮೋಷನ್ ಆಗಿಲ್ಲ, ಹರಳೆಣ್ಣೆ ಕುಡಿಸಿ." ಬೇಡ. ಮೊದಲ ಮಲವಿಸರ್ಜನೆ ಎರಡು ಮೂರು ದಿನ ತಡವಾಗುವುದು ಸಹಜ. ಕಮೋಡಿನ ಮುಂದೆ ಕಾಲಿಡಲು ಒಂದು ಮಣೆ ಹಾಕಿ. ಆಮೇಲೂ ಕಷ್ಟವಾದರೆ ಹಾಲೂಡುವವರೂ ತೆಗೆದುಕೊಳ್ಳಬಹುದಾದ ಲ್ಯಾಕ್ಟುಲೋಸ್ ಸಿರಪ್ ಇದೆ, ಡಾಕ್ಟರನ್ನು ಕೇಳಿ. ಇಸಬ್‌ಗೋಲ್ ಆದರೆ ನೀರು ಧಾರಾಳವಾಗಿರಬೇಕು.

ಕೊನೆಯ ತಪ್ಪು ಕಲ್ಪನೆ, ಗ್ಯಾಸ್ ಹೋಗುತ್ತಿದ್ದರೆ ಎಲ್ಲ ಸರಿ ಎನ್ನುವುದು. ಸಿಸೇರಿಯನ್ ಆದ ಮೇಲೆ ಅಪರೂಪಕ್ಕೆ ದೊಡ್ಡ ಕರುಳು ಅಡ್ಡಿಯೇನೂ ಇಲ್ಲದೆ ಊದಿಕೊಳ್ಳುತ್ತದೆ; ಬ್ರಿಟಿಷ್ ಸರ್ಜನ್ ಓಗಿಲ್ವಿ 1948ರಲ್ಲಿ ಇಂಥ ಊತವನ್ನು ವಿವರಿಸಿದ್ದರಿಂದ ಅವರ ಹೆಸರೇ ನಿಂತಿದೆ. ಇದರಲ್ಲಿ ಕೆಲವರಿಗೆ ಗ್ಯಾಸ್ ಹೋಗುತ್ತಲೂ ಇರುತ್ತದೆ. ಹೊಟ್ಟೆ ಗಂಟೆಗಂಟೆಗೂ ಉಬ್ಬುತ್ತಿದ್ದರೆ, ಹಸಿರು ವಾಂತಿ, ಜ್ವರ, ಜಾಸ್ತಿಯಾಗುತ್ತಿರುವ ನೋವು ಇದ್ದರೆ, ಮನೆಗೆ ಬಂದ ಮೇಲಾದರೂ ಸರಿ, ಓಂಕಾಳಿನ ಕಷಾಯ ಕಾಯಿಸುತ್ತ ಕೂರಬೇಡಿ. ಆಟೋ ಹಿಡಿದು ಆಸ್ಪತ್ರೆಗೆ ಹೋಗಿ.